ಮಗುವಿನ ಯೋಚನೆ ಈಗ ಯಾವ ಹಂತದಲ್ಲಿದೆ? ಅಡುಗೆಮನೆ ಸಾಮಾನಿನಲ್ಲೇ ನೋಡುವ ಬಗೆ

ಒಂದು ದೋಸೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ವರ್ಷದ ಮಗುವಿನ ತಟ್ಟೆಗೆ ಹಾಕಿ. ಪಕ್ಕದಲ್ಲಿ ಕೂತ ಅಕ್ಕನಿಗೆ ಅದೇ ಅಳತೆಯ ಇಡೀ ದೋಸೆ ಕೊಡಿ. "ನಂಗೇ ಜಾಸ್ತಿ!" ಎಂದು ಚಿಕ್ಕದು ಕುಣಿಯುತ್ತದೆ. ಅಕ್ಕ ನಗುತ್ತಾಳೆ. ನಾಲ್ಕು ವರ್ಷದ ಹಿಂದೆ ಅವಳೂ ಹೀಗೇ ಕುಣಿದಿದ್ದಳು, ಈಗ ನೆನಪಿಲ್ಲ ಅಷ್ಟೇ.

ಇಂಥ ಉತ್ತರಗಳ ಹಿಂದೆ ಬಿದ್ದವರು ಮನೋವಿಜ್ಞಾನಿ ಜೀನ್ ಪಿಯಾಜೆ. 1896ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದವರು. ಮೊದಲು ಬಸವನಹುಳುಗಳ ಮೇಲೆ ಸಂಶೋಧನೆ ಮಾಡಿದರು. ಆಮೇಲೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳನ್ನು ಸಿದ್ಧಪಡಿಸುವ ಕೆಲಸ ಸಿಕ್ಕಿತು. ಅಲ್ಲಿ ಲೆಕ್ಕಕ್ಕೆ ಬೇಕಿದ್ದದ್ದು ಸರಿ ಉತ್ತರಗಳು. ಇವರ ಕಣ್ಣು ಮಾತ್ರ ತಪ್ಪು ಉತ್ತರಗಳ ಮೇಲೆ ನಿಂತಿತು. ಒಂದೇ ವಯಸ್ಸಿನ ಮಕ್ಕಳು ಹೆಚ್ಚುಕಮ್ಮಿ ಒಂದೇ ತರಹ ತಪ್ಪುತ್ತಿದ್ದರು. ಹಾಗಾದರೆ ಆ ತಪ್ಪಿಗೂ ಒಂದು ಲೆಕ್ಕ ಇರಬೇಕು, ಅಲ್ವಾ? ಅದನ್ನು ಹುಡುಕುತ್ತಲೇ ಅವರ ಉಳಿದ ಆಯಸ್ಸು ಕಳೆಯಿತು.

ಶಿಕ್ಷಕರಾಗಲು ಟಿಇಟಿ, ಬಿ.ಎಡ್. ಎಂದು ಓದಿದವರಿಗೆ, ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಅವರು ಹೇಳಿದ ನಾಲ್ಕು ಹಂತಗಳು ಬಾಯಿಪಾಠ. ಹುಟ್ಟಿನಿಂದ 2 ವರ್ಷದವರೆಗೆ ಸಂವೇದನಾ ಚಾಲಕ ಹಂತ, 2ರಿಂದ 7 ಕಾರ್ಯಪೂರ್ವ ಹಂತ, 7ರಿಂದ 11 ಮೂರ್ತ ಕಾರ್ಯ ಹಂತ, ಅಲ್ಲಿಂದ ಮುಂದೆ ಔಪಚಾರಿಕ ಕಾರ್ಯ ಹಂತ. ಹೆಸರು ಮರೆತರೂ ನಡೆಯುತ್ತದೆ. ಅಪ್ಪ ಅಮ್ಮನಿಗೆ ಬೇಕಾಗಿರುವುದು ಇಷ್ಟು: ನಮ್ಮ ಮಗುವಿಗೆ ಈಗ ಯಾವುದು ಹೇಗೆ ಕಾಣುತ್ತಿದೆ, ನಾವು ಯಾವುದನ್ನು ಹೇಳಿಕೊಡಬೇಕು, ಯಾವುದನ್ನು ಸುಮ್ನೆ ಬಿಡಬೇಕು.

ಶುರು ಮಾಡುವ ಮೊದಲು

ಮಗುವಿನ ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ, ಟಿವಿ ಆಫ್ ಆಗಿರಲಿ. ನೆಂಟರ ಮುಂದೆ ಬೇಡವೇ ಬೇಡ. "ಆಂಟಿಗೆ ಹೇಳು ಪುಟ್ಟಾ" ಎಂದ ಕೂಡಲೇ ಆಟ ಪರೀಕ್ಷೆಯಾಗುತ್ತದೆ.

ಪ್ರಶ್ನೆಯಲ್ಲಿ ಉತ್ತರ ತುರುಕಬೇಡಿ. "ಎರಡೂ ಒಂದೇ ಅಲ್ವಾ?" ಎಂದರೆ ಮಗು ತಲೆಯಾಡಿಸುತ್ತದೆ. "ಇದರಲ್ಲಿ ಜಾಸ್ತಿನಾ, ಅದರಲ್ಲಿ ಜಾಸ್ತಿನಾ, ಎರಡರಲ್ಲೂ ಅಷ್ಟೇನಾ?" ಎಂದು ಮೂರೂ ದಾರಿ ತೆರೆದಿಡಿ. ಉತ್ತರ ಬಂದ ಮೇಲೆ "ಹೌದಾ? ಹೇಗೆ ಗೊತ್ತಾಯ್ತು?" ಎಂದು ಕೇಳಿ. ನಿಜವಾದ ಸರಕು ಆ ಎರಡನೇ ಉತ್ತರದಲ್ಲಿದೆ.

ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳಬೇಡಿ. ಪಿಯಾಜೆಯ ಒಂದು ಪ್ರಯೋಗದಲ್ಲಿ ಒಂದು ಲೋಟದ ನೀರನ್ನು ಬೇರೆ ಆಕಾರದ ಲೋಟಕ್ಕೆ ಸುರಿದು ಜಾಸ್ತಿಯೋ ಅಷ್ಟೇನೋ ಎಂದು ಕೇಳುವುದಿತ್ತು; ಸುರಿಯುವ ಮೊದಲು ಒಮ್ಮೆ, ಸುರಿದ ಮೇಲೆ ಒಮ್ಮೆ ಕೇಳುತ್ತಿದ್ದರು. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಎಂಬ ಸಂಶೋಧಕಿಯರು, ಕೊನೆಯಲ್ಲಿ ಒಂದೇ ಸಲ ಕೇಳಿ ನೋಡಿದರು. ಸರಿ ಹೇಳಿದ ಮಕ್ಕಳ ಸಂಖ್ಯೆ ಏರಿತು. ದೊಡ್ಡವರು ಮತ್ತೆ ಕೇಳುತ್ತಿದ್ದಾರೆ ಎಂದರೆ ಮೊದಲು ಹೇಳಿದ್ದು ತಪ್ಪಿರಬೇಕು ಎಂದುಕೊಂಡು ಮಗು ಉತ್ತರ ಬದಲಿಸಿಬಿಡುತ್ತದೆ. ಶಾಲೆ ಮೆಟ್ಟಿಲು ಹತ್ತಿದ ಮಕ್ಕಳಿಗೆ ಈ ಅಭ್ಯಾಸ ಇನ್ನೂ ಜಾಸ್ತಿ.

ಒಂದು ಹಳೇ ನೋಟ್‌ಬುಕ್ ಇಡಿ. ತಾರೀಕು, ಕೇಳಿದ್ದು, ಮಗು ಹೇಳಿದ್ದು. ಹೇಳಿದ್ದನ್ನು ತಿದ್ದದೆ, ಅದರ ಮಾತಿನಲ್ಲೇ ಬರೆಯಿರಿ. ಮಗುವನ್ನು ಅಲ್ಲೇ ತಿದ್ದಲೂ ಹೋಗಬೇಡಿ.

ಎರಡು ವರ್ಷದೊಳಗೆ: ಬಟ್ಟೆಯ ಕೆಳಗಿನ ಚಮಚ

ಆರು ತಿಂಗಳ ಕೂಸು ಹೊಳೆಯುವ ಚಮಚಕ್ಕೆ ಕೈ ಚಾಚುತ್ತಿದೆ. ಅದರ ಕಣ್ಣೆದುರೇ ಚಮಚದ ಮೇಲೆ ಕರವಸ್ತ್ರ ಹಾಕಿ. ಕೈ ಹಿಂದಕ್ಕೆ ಹೋಗುತ್ತದೆ, ಮುಖ ಬೇರೆ ಕಡೆ ತಿರುಗುತ್ತದೆ. ಎಂಟು ಒಂಬತ್ತು ತಿಂಗಳಿಗೆ ಅದೇ ಕೂಸು ಬಟ್ಟೆ ಕಿತ್ತು ಚಮಚ ಹಿಡಿಯುತ್ತದೆ. ಕಾಣದೇ ಇದ್ದರೂ ವಸ್ತು ಅಲ್ಲೇ ಇರುತ್ತದೆ ಎನ್ನುವುದು ಈಗ ಕೈಗೂ ಗೊತ್ತಾಗಿದೆ.

ಆಗ ಎರಡು ಬಟ್ಟೆ ತನ್ನಿ. ಎಡಗಡೆ ಬಟ್ಟೆಯ ಕೆಳಗೆ ಮೂರ್ನಾಲ್ಕು ಸಲ ಬಚ್ಚಿಡಿ, ಪ್ರತಿ ಸಲ ಹುಡುಕಲಿ. ಆಮೇಲೆ, ಮಗು ನೋಡುತ್ತಿರುವಾಗಲೇ, ಬಲಗಡೆ ಬಟ್ಟೆಯ ಕೆಳಗೆ ಇಟ್ಟು ಒಂದೆರಡು ಕ್ಷಣ ತಡೆಯಿರಿ. ಹತ್ತು ತಿಂಗಳ ಎಷ್ಟೋ ಮಕ್ಕಳು ನೇರ ಎಡಗಡೆಗೇ ಕೈ ಹಾಕುತ್ತಾರೆ! ಪಿಯಾಜೆ ಇದನ್ನು ಮೊದಲು ಗಮನಿಸಿದ್ದು ತಮ್ಮ ಮೂವರು ಮಕ್ಕಳಾದ ಜಾಕ್ಲಿನ್, ಲೂಸಿಯನ್, ಲೋರಾಂ ಅವರಲ್ಲಿ. ವರ್ಷ ತುಂಬಿದ ಮೇಲೆ ಈ ತಪ್ಪು ತಾನಾಗಿ ಹೋಗುತ್ತದೆ.

ಇಲ್ಲಿ ಒಂದು ತಿದ್ದುಪಡಿ ಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ರೆನೆ ಬೈಲಾರ್ಜನ್ ಎಂಬಾಕೆ, ಕೈ ಬದಲು ಕೂಸಿನ ನೋಟವನ್ನು ಅಳೆದರು. ಮರೆಯಾದ ವಸ್ತು ಇಲ್ಲವೇ ಇಲ್ಲ ಎನ್ನುವಂತೆ ಒಂದು ದೃಶ್ಯ ತೋರಿಸಿದಾಗ ನಾಲ್ಕೈದು ತಿಂಗಳ ಕೂಸುಗಳು ಅಚ್ಚರಿಯಾದಂತೆ ಜಾಸ್ತಿ ಹೊತ್ತು ದಿಟ್ಟಿಸಿದವು. ಅಂದರೆ ಹುಡುಕಲು ಬಾರದ ಕೂಸಿಗೂ ಒಳಗೆ ಏನೋ ಹೊಳೆದಿರಬಹುದು. ಹಾಗಾಗಿ ಬಟ್ಟೆ ಎಳೆಯಲಿಲ್ಲ ಎಂದು ಯಾರೂ ಗಾಬರಿಯಾಗಬೇಕಿಲ್ಲ.

ಈ ವಯಸ್ಸಿಗೆ ಬೇಕಾದ ಆಟಿಕೆ ನಮ್ಮ ಮನೆಗಳಲ್ಲೇ ಬಿದ್ದಿರುತ್ತದೆ. ಸ್ಟೀಲ್ ಡಬ್ಬಿ, ಮುಚ್ಚಳ, ಮರದ ಸೌಟು. ಸೆರಗಿನ ಮರೆಯಿಂದ "ಕೂಕ್" ಎನ್ನುವ ಅಜ್ಜಿ. ಮಗು ಚಮಚವನ್ನು ಹತ್ತು ಸಲ ಬೀಳಿಸಿದರೆ ಹತ್ತು ಸಲ ಎತ್ತಿಕೊಡಿ, ಅದಕ್ಕೆ ಬೇಸರವಾಗುವ ಮೊದಲು ನಿಮಗೆ ಆಗುತ್ತದೆ, ಪರವಾಗಿಲ್ಲ. ಕೆಲಸಕ್ಕೆ ಹೊರಡುವಾಗ ಕಣ್ಣು ತಪ್ಪಿಸಿ ಜಾರಿಕೊಳ್ಳುವ ರೂಢಿ ಬಹಳ ಮನೆಗಳಲ್ಲಿದೆ. ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂದು ಗೊತ್ತಾಗುವ ವಯಸ್ಸಿದು. ಅತ್ತರೂ ಸರಿ, "ಹೋಗಿ ಬರ್ತೀನಿ" ಎಂದು ಹೇಳಿಯೇ ಹೋಗಿ.

ಒಂದೂವರೆ ವರ್ಷದ ಆಸುಪಾಸಿನಲ್ಲಿ ಒಂದು ದಿನ ಮಗು ಬಾಳೆಹಣ್ಣನ್ನು ಕಿವಿಗಿಟ್ಟು "ಅಲೋ" ಎನ್ನುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ದಪ್ಪಗೆ ಬರೆದಿಡಿ. ಒಂದು ವಸ್ತುವನ್ನು ಇನ್ನೊಂದರ ಜಾಗದಲ್ಲಿ ನಿಲ್ಲಿಸಲು ಬಂತು ಎಂದರೆ ಮಾತು, ಚಿತ್ರ, ಅಂಕಿ ಎಲ್ಲದಕ್ಕೂ ಬಾಗಿಲು ತೆರೆಯಿತು. ನಿಜವಾದ ಫೋನಿನ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷದೊಳಗೆ ಸ್ಕ್ರೀನ್ ಮುಂದೆ ಕೂರಿಸದೆ ಇರುವುದೇ ಒಳ್ಳೆಯದು. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ.

ಎರಡರಿಂದ ಏಳು: ಪಾನಕ, ನಾಣ್ಯ, ಬಿಸ್ಕೆಟ್ ಡಬ್ಬಿ

ಮಜಾ ಇರುವುದು ಈ ಹಂತದಲ್ಲೇ. ಮನೆಯಲ್ಲಿ ಜಗಳ ಇರುವುದೂ ಇಲ್ಲೇ.

ಒಂದೇ ತರಹದ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಸ್ಟೀಲ್ ಬೇಡ, ಒಳಗಿನದು ಕಾಣಬೇಕು. ಎರಡಕ್ಕೂ ಪಾನಕ ಸುರಿದು, ಮಗುವಿನ ಕಣ್ಣೆದುರೇ ಚಮಚದಲ್ಲಿ ಹಾಕಿ ತೆಗೆದು ಎರಡನ್ನೂ ಸಮ ಮಾಡಿ. ಈಗ ಒಂದು ಲೋಟದ್ದನ್ನು ಉದ್ದನೆಯ, ಸಪೂರ ಲೋಟಕ್ಕೆ ಸುರಿಯಿರಿ. ಇದರಲ್ಲಿ ಜಾಸ್ತಿನಾ, ಅದರಲ್ಲಿ ಜಾಸ್ತಿನಾ, ಎರಡರಲ್ಲೂ ಅಷ್ಟೇನಾ? ನಾಲ್ಕೈದು ವರ್ಷದ ಮಗು ಉದ್ದ ಲೋಟ ತೋರಿಸುತ್ತದೆ. ಯಾಕೆ? "ಮೇಲ್ ತನಕ ಇದೆ." ನೀವು ಹನಿಯೂ ಸೇರಿಸಿಲ್ಲ ಎನ್ನುವುದನ್ನು ಅದು ನೋಡಿದೆ. ಆದರೂ ಎತ್ತರವೇ ಗೆಲ್ಲುತ್ತದೆ. ಎತ್ತರವನ್ನೂ ಅಗಲವನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿಯುವುದು ಅದಕ್ಕೆ ಇನ್ನೂ ಕಷ್ಟ.

ಏಳರ ಹತ್ತಿರ ಬಂದಾಗ ಉತ್ತರ ಬದಲಾಗುತ್ತದೆ, ಕಾರಣಗಳೂ ಬರುತ್ತವೆ. "ಅದೇ ಪಾನಕ ತಾನೆ?" "ವಾಪಸ್ ಸುರಿದ್ರೆ ಅಷ್ಟೇ ಆಗತ್ತೆ." "ಇದು ಉದ್ದ, ಆದ್ರೆ ಸಣ್ಣ." ಈ ಮೂರರಲ್ಲಿ ಯಾವುದು ಬಂದರೂ ಮಗು ದಾಟಿತು ಎಂದೇ ಅರ್ಥ. ಮಧ್ಯದಲ್ಲಿ ಕೆಲವು ತಿಂಗಳು ಒಂದು ದಿನ ಹೌದು, ಒಂದು ದಿನ ಅಲ್ಲ ಎಂದು ಒದ್ದಾಡುವುದೂ ಇದೆ. ಆ ಒದ್ದಾಟವನ್ನು ನೋಡಲು ಸಿಕ್ಕಿದವರು ಅದೃಷ್ಟವಂತರು.

ಚಪಾತಿ ಹಿಟ್ಟಿನ ಎರಡು ಸಮನಾದ ಉಂಡೆ ಮಾಡಿ ಒಂದನ್ನು ಹಾವಿನಂತೆ ಹೊಸೆದರೂ ಇದೇ ಕಥೆ. ನಾಣ್ಯದಲ್ಲಿ ಮಾಡುವುದಾದರೆ ಆರು ಆರು ನಾಣ್ಯಗಳ ಎರಡು ಸಾಲು ಎದುರುಬದುರು ಇಟ್ಟು, ಆಮೇಲೆ ಒಂದು ಸಾಲನ್ನು ಅಗಲಿಸಿ. ಇದರಲ್ಲಿ ಒಂದು ಚೆಂದದ ತಿರುವಿದೆ. 1970ರ ದಶಕದಲ್ಲಿ ಎಡಿನ್‌ಬರ್ಗ್‌ನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಗಾರ ಜೇಮ್ಸ್ ಮೆಕ್‌ಗ್ಯಾರಿಗಲ್ ಸಾಲನ್ನು ತಾವು ಮುಟ್ಟಲಿಲ್ಲ. ತುಂಟ ಕರಡಿ ಬೊಂಬೆಯೊಂದು ನುಗ್ಗಿ ಸಾಲು ಕೆಡಿಸಿದಂತೆ ನಟಿಸಿದರು. ಆಗ ಸರಿ ಹೇಳಿದ ಮಕ್ಕಳು ಎಷ್ಟೋ ಜಾಸ್ತಿ. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿದರೆ ಅದರಲ್ಲಿ ಏನೋ ಇದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಬೊಂಬೆ ಕೆಡಿಸಿದರೆ ಅದು ಬರೀ ತುಂಟತನ. ನೀವೂ ಎರಡೂ ತರಹ ಮಾಡಿ ನೋಡಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಮ್ಮೆಲ್ಲರ ಮನೆಯಲ್ಲೂ ಬಿಸ್ಕೆಟ್ ಇಲ್ಲದ ಒಂದು ಬಿಸ್ಕೆಟ್ ಡಬ್ಬಿ ಇದ್ದೇ ಇರುತ್ತದೆ. ಅದರಲ್ಲಿ ದಾರದ ಉಂಡೆ ಇಡಿ (ಸೂಜಿ ತೆಗೆದುಬಿಡಿ). ಮೂರು ವರ್ಷದ ಮಗುವನ್ನು "ಇದರಲ್ಲಿ ಏನಿದೆ?" ಎಂದು ಕೇಳಿ. "ಬಿಸ್ಕೆಟ್!" ಮುಚ್ಚಳ ತೆಗೆದು ತೋರಿಸಿ. ಪಾಪ, ಮುಖ ಸಣ್ಣದಾಗುತ್ತದೆ. ಮುಚ್ಚಿ, ಈಗ ಕೇಳಿ: "ಅಜ್ಜಿ ಇದನ್ನ ನೋಡೇ ಇಲ್ಲ. ಅಜ್ಜಿ ಬಂದು ಡಬ್ಬಿ ನೋಡಿದ್ರೆ ಒಳಗೆ ಏನಿದೆ ಅಂದ್ಕೋತಾರೆ?"

"ದಾರ."

"ಮತ್ತೆ ನೀನು ಮೊದಲು ಏನು ಅಂದ್ಕೊಂಡಿದ್ದೆ?"

"ದಾರ!"

ಮಗು ಸುಳ್ಳು ಹೇಳುತ್ತಿಲ್ಲ. ಅರ್ಧ ನಿಮಿಷದ ಹಿಂದೆ ತಾನೇ ಬೇರೆ ನಂಬಿದ್ದೆ ಎನ್ನುವುದನ್ನು ಅದು ಹಿಡಿದಿಟ್ಟುಕೊಳ್ಳಲಾರದು. ಬೇರೆಯವರ ತಲೆಯಲ್ಲಿ ಬೇರೆ, ತಪ್ಪೂ ಆಗಿರಬಹುದಾದ ನಂಬಿಕೆ ಇರುತ್ತದೆ ಎಂಬ ವಿಷಯವನ್ನು 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಚಾಕೊಲೇಟ್ ಬಚ್ಚಿಟ್ಟ ಕಥೆಯೊಂದರ ಮೂಲಕ ಪರೀಕ್ಷಿಸಿದರು. ಆಮೇಲೆ ಹತ್ತಾರು ದೇಶಗಳಲ್ಲಿ ಇಂಥ ಪ್ರಯೋಗ ನಡೆದವು. ಸಾಮಾನ್ಯವಾಗಿ ನಾಲ್ಕು ಐದು ವರ್ಷದ ನಡುವೆ ಮಕ್ಕಳು "ಅಜ್ಜಿ ಬಿಸ್ಕೆಟ್ ಅಂದ್ಕೋತಾರೆ" ಎಂದು ಕಿಸಕ್ಕನೆ ನಗಲು ಶುರು ಮಾಡುತ್ತಾರೆ.

ಇದು ಗೊತ್ತಿದ್ದರೆ ಮನೆಯಲ್ಲಿ ಬೈಗುಳ ಎಷ್ಟೋ ಕಮ್ಮಿಯಾಗುತ್ತದೆ. ಮೂರು ವರ್ಷದವನು ಫೋನಿನಲ್ಲಿ ಅಜ್ಜನಿಗೆ ಬರೀ ತಲೆಯಾಡಿಸಿ ಉತ್ತರ ಕೊಡುತ್ತಾನೆ. ದುಬೈನಿಂದ ವಿಡಿಯೋ ಕಾಲ್ ಮಾಡಿದ ಅಪ್ಪನಿಗೆ ಚಿತ್ರ ತೋರಿಸು ಎಂದರೆ ಚಿತ್ರವನ್ನು ತನ್ನ ಮುಖಕ್ಕೇ ಹಿಡಿದುಕೊಳ್ಳುತ್ತಾನೆ. ತನಗೆ ಕಂಡದ್ದು ಎಲ್ಲರಿಗೂ ಕಂಡಿತು ಎಂಬ ಲೆಕ್ಕ. "ಅಪ್ಪನ ಕಡೆ ತಿರುಗಿಸು, ಅಪ್ಪಂಗೆ ಹಿಂದುಗಡೆ ಕಾಣ್ತಿದೆ" ಎಂದರೆ ಸಾಕು. "ನಿನ್ನ ತಮ್ಮನಿಗೆ ನೋವಾಗಲ್ವಾ?" ಎಂದು ಭಾಷಣ ಮಾಡುವುದಕ್ಕಿಂತ "ನೋಡು, ಅವನ ಕಣ್ಣಲ್ಲಿ ನೀರು ಬಂದಿದೆ" ಎಂದು ತೋರಿಸುವುದು ಈ ವಯಸ್ಸಿಗೆ ನಾಟುತ್ತದೆ.

ಇನ್ನೊಂದು ಪುಟ್ಟ ಪ್ರಶ್ನೆ, ಇದೂ ಪಿಯಾಜೆಯದೇ. "ನಿಂಗೆ ಅಣ್ಣ ಇದಾನಾ?" "ಹೂಂ." "ನಿನ್ನ ಅಣ್ಣಂಗೆ ತಮ್ಮ ಇದಾನಾ?" "ಇಲ್ಲ." ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ ಎಂದು ಸಂಬಂಧಗಳು ತುಂಬಿದ ನಮ್ಮ ಮನೆಗಳಲ್ಲಿ ಇದನ್ನು ಎಷ್ಟು ಬೇಕಾದರೂ ಬೆಳೆಸಬಹುದು.

ಚಂದ್ರ ನಮ್ಮ ಬಸ್ಸಿನ ಜೊತೆಗೇ ಬರ್ತಾನೆ, ಮೋಡಕ್ಕೆ ಸಿಟ್ಟು ಬಂದಿದೆ ಎನ್ನುವುದೂ ಇದೇ ವಯಸ್ಸು. ಎಡವಿ ಬಿದ್ದರೆ ನಾವು ನೆಲಕ್ಕೆ ಎರಡು ಬಾರಿಸಿ ಮಗುವನ್ನು ಸಮಾಧಾನ ಮಾಡುತ್ತೇವೆ. ಅದರಲ್ಲಿ ನನಗೆ ದೊಡ್ಡ ಅಪಾಯ ಕಾಣುವುದಿಲ್ಲ. ನೆಲಕ್ಕೆ ಜೀವವಿಲ್ಲ ಎಂದು ಮಗುವೇ ಒಂದು ದಿನ ನಿಮಗೆ ಪಾಠ ಹೇಳುತ್ತದೆ.

ಈ ಹಂತದಲ್ಲಿ ಎಲ್‌ಕೆಜಿ ಮಗುವಿಗೆ ನೂರರವರೆಗೆ ಬರೆಸುವ ಹಟ ಮಾತ್ರ ನನಗೆ ಅರ್ಥವಾಗುವುದಿಲ್ಲ. ನಾಣ್ಯ ಅಗಲಿಸಿದರೆ ಜಾಸ್ತಿಯಾಯಿತು ಎನ್ನುವ ಮಗುವಿಗೆ 67 ಎಂಬುದು ಬರೀ ಚಿತ್ರ. ತಟ್ಟೆ ಹಾಕಿಸಿ. "ಐದು ಜನ ಇದ್ದೀವಿ, ಲೋಟ ಎಷ್ಟು ಬೇಕು?" ಎಂದು ಕೇಳಿ. ಅಳಗುಳಿಮಣೆಯಲ್ಲಿ ಒಂದೊಂದು ಗುಳಿಗೆ ಒಂದೊಂದು ಹುಣಸೆಬೀಜ ಹಾಕಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷವನ್ನು ಒಂದೇ ಬುನಾದಿ ಘಟ್ಟವಾಗಿ ಹಿಡಿದು ಆಟದ ಮೂಲಕ ಕಲಿಸಿ ಎನ್ನುತ್ತದೆ.

ಏಳರಿಂದ ಹನ್ನೊಂದು: ಹೂವು ಜಾಸ್ತಿನಾ, ಸೇವಂತಿಗೆ ಜಾಸ್ತಿನಾ?

ಪೂಜೆ ಬುಟ್ಟಿಯಿಂದ ಏಳು ಸೇವಂತಿಗೆ, ಮೂರು ಗುಲಾಬಿ ತೆಗೆದಿಡಿ. ಎಲ್ಲವೂ ಹೂವೇ ಎಂದು ಮಗು ಒಪ್ಪಲಿ. "ಈಗ ಸೇವಂತಿಗೆ ಜಾಸ್ತಿನಾ, ಹೂವು ಜಾಸ್ತಿನಾ?" ಆರು ವರ್ಷದವರು ಸಾಮಾನ್ಯವಾಗಿ ಸೇವಂತಿಗೆ ಎನ್ನುತ್ತಾರೆ. ಅವರು ಸೇವಂತಿಗೆಯನ್ನು ಗುಲಾಬಿಗೆ ಹೋಲಿಸುತ್ತಿದ್ದಾರೆ. ಎಂಟರ ಸುಮಾರಿಗೆ "ಹೂವೇ ಜಾಸ್ತಿ, ಎಲ್ಲಾ ಹೂವೇ ಅಲ್ವಾ" ಎಂಬ ಉತ್ತರ ಬರುತ್ತದೆ. ಒಂದು ಭಾಗವನ್ನೂ ಅದನ್ನು ಒಳಗೊಂಡ ಇಡಿಯನ್ನೂ ಒಟ್ಟಿಗೆ ಹಿಡಿದರು ಎಂದಾಯಿತು. ದಶಕ, ಬಿಡಿ, ಕೈ ಎರವಲು ಎಲ್ಲ ಇದರ ಮೇಲೇ ನಿಂತಿವೆ. ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕ ಹತ್ತದಿದ್ದರೆ ಮಗ್ಗಿ ಉರು ಹೊಡೆಸುವ ಮೊದಲು ಈ ಹೂವಿನ ಪ್ರಶ್ನೆ ಕೇಳಿ ನೋಡಿ. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವುದು ಇನ್ನೂ ಕೆಲವು ತಿಂಗಳು ಬೇಕಾಗಬಹುದು.

ಈ ಮಕ್ಕಳ ತರ್ಕ ಚುರುಕು, ಆದರೆ ಕೈಗೆ ಸಿಗುವ ವಸ್ತು ಎದುರಿಗಿರಬೇಕು. ಎಲ್ಲವೂ ಒಟ್ಟಿಗೆ ಬರುವುದೂ ಇಲ್ಲ. ಹಿಟ್ಟಿನ ಉಂಡೆ ಚಪ್ಪಟೆಯಾದರೂ "ಹಿಟ್ಟು ಅಷ್ಟೇ" ಎಂದ ಮಗು, "ತೂಕ?" ಎಂದರೆ "ಕಮ್ಮಿ ಆಯ್ತು" ಎನ್ನಬಹುದು. ತೂಕದ ಉತ್ತರ ಸರಿಯಾಗಲು ಒಂಬತ್ತು ಹತ್ತು ವರ್ಷವಾಗುತ್ತದೆ. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಎಂದರೆ ಎಂಟು ವರ್ಷದವಳು "ಯಾವ ಕೊತ್ತಿ? ನಮ್ಮನೇದಾ?" ಎಂದು ಕೇಳುವುದೂ ಇದಕ್ಕೇ. ಚೌಕಾಬಾರ, ಹುಲಿ-ಕುರಿ ಆಟ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು. ಮುಂದಿನ ನಡೆ, ಎದುರಾಳಿಯ ನಡೆ ಎರಡನ್ನೂ ಲೆಕ್ಕ ಹಾಕಬೇಕು, ಕಾಯಿಯೂ ಕೈಯಲ್ಲೇ ಇರುತ್ತದೆ.

ಸಹಾಯ ಮಾಡುವಾಗ ಲೆವ್ ವೈಗಾಟ್‌ಸ್ಕಿ ಹೇಳಿದ್ದು ನೆನಪಿರಲಿ. ಇವರೂ 1896ರಲ್ಲೇ ಹುಟ್ಟಿದವರು, ರಷ್ಯಾದ ಮನೋವಿಜ್ಞಾನಿ, 37 ವರ್ಷಕ್ಕೇ ತೀರಿಕೊಂಡರು. ಮಗು ಒಬ್ಬಂಟಿಯಾಗಿ ಮಾಡುವುದಕ್ಕೂ ದೊಡ್ಡವರ ಸಣ್ಣ ನೆರವಿನಿಂದ ಮಾಡುವುದಕ್ಕೂ ನಡುವೆ ಒಂದು ಜಾಗವಿದೆ, ಕಲಿಕೆ ನಡೆಯುವುದು ಅಲ್ಲಿ ಎಂದರು. ಅದಕ್ಕೇ ಸುಳಿವನ್ನು ಚಿಕ್ಕದರಿಂದ ಶುರು ಮಾಡಿ. ಮೊದಲು "ಇನ್ನೊಂದು ಸಲ ನೋಡು", ಆಮೇಲೆ "ಈ ಕಡೆ ನೋಡು", ಕೊನೆಗೆ ಅರ್ಧ ಮಾಡಿ ಕೊಡಿ. ಪೂರ್ತಿ ಮಾಡಿ ಕೊಡಬೇಡಿ.

ಹನ್ನೊಂದರ ಮೇಲೆ: ದಾರ ಮತ್ತು ಕಲ್ಲು

ಮೊಳೆಗೆ ದಾರ ಕಟ್ಟಿ, ತುದಿಗೆ ಕಲ್ಲು ಕಟ್ಟಿ ತೂಗಲು ಬಿಡಿ. ಬೇಗ ಬೇಗ ತೂಗಬೇಕಾದರೆ ಏನು ಬದಲಿಸಬೇಕು? ಕಲ್ಲಿನ ತೂಕವಾ, ದಾರದ ಉದ್ದವಾ, ಎಷ್ಟು ಎತ್ತರದಿಂದ ಬಿಡುತ್ತೇವೆ ಎನ್ನುವುದಾ, ತಳ್ಳುವ ಜೋರಾ? ಪಿಯಾಜೆ ಮತ್ತು ಅವರ ಸಹೋದ್ಯೋಗಿ ಬಾರ್ಬೆಲ್ ಇನ್ಹೆಲ್ಡರ್ ಈ ಪ್ರಯೋಗದಿಂದಲೇ ಕೊನೆಯ ಹಂತವನ್ನು ನೋಡಿದರು. ಒಂಬತ್ತು ವರ್ಷದವನು ದೊಡ್ಡ ಕಲ್ಲು ಕಟ್ಟುತ್ತಾನೆ, ದಾರವನ್ನೂ ಗಿಡ್ಡ ಮಾಡುತ್ತಾನೆ, "ಕಲ್ಲಿಂದಾನೇ ಆಗಿದ್ದು" ಎನ್ನುತ್ತಾನೆ. ಹದಿಮೂರರವಳು ದಾರ ಹಾಗೇ ಬಿಟ್ಟು ಕಲ್ಲು ಮಾತ್ರ ಬದಲಿಸುತ್ತಾಳೆ. ಉಳಿದದ್ದನ್ನು ಕಟ್ಟಿಹಾಕಿ ಒಂದನ್ನೇ ಬದಲಿಸಬೇಕು ಎಂದು ಹೊಳೆಯಿತು ಎಂದರೆ ಮುಖ್ಯ ಕೆಲಸ ಆಯಿತು. ಉತ್ತರ ದಾರದ ಉದ್ದ. ಅದನ್ನು ನೀವು ಹೇಳಬೇಡಿ.

ಈ ಹಂತ ಎಲ್ಲರಿಗೂ ಎಲ್ಲ ವಿಷಯದಲ್ಲೂ ಬರುವುದಿಲ್ಲ. ಅದು ಅವರವರ ಆಸಕ್ತಿ, ಕಸುಬಿನ ಮೇಲೆ ನಿಂತಿದೆ ಎಂದು 1972ರಲ್ಲಿ ಪಿಯಾಜೆಯೇ ಒಪ್ಪಿದರು. ಮನೆಯಲ್ಲಿ ಹದಿಹರೆಯದವರು ಎಲ್ಲದಕ್ಕೂ "ಹಾಗಾದ್ರೆ ನೀವ್ಯಾಕೆ ಮಾಡ್ತೀರ?" ಎಂದು ವಾದಕ್ಕೆ ನಿಂತರೆ, ಅದೂ ಇದೇ ಹೊಸ ಶಕ್ತಿಯ ಕೆಲಸ.

ಬೇಗ ದಾಟಿಸಬಹುದಾ?

ಈ ಪ್ರಶ್ನೆಯನ್ನು ಪಿಯಾಜೆ "ಅಮೆರಿಕದವರ ಪ್ರಶ್ನೆ" ಎಂದು ಕರೆಯುತ್ತಿದ್ದರು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕೇಳಿಸುತ್ತದೆ. ವಯಸ್ಸುಗಳು ಅಂದಾಜು, ಒಂದು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. ಬದುಕಿನ ಅನುಭವಕ್ಕೂ ಇದರಲ್ಲಿ ಪಾಲಿದೆ. 1969ರಲ್ಲಿ ಪ್ರಕಟವಾದ ಮೆಕ್ಸಿಕೋದ ಒಂದು ಅಧ್ಯಯನದಲ್ಲಿ ಕುಂಬಾರರ ಮಕ್ಕಳು, ನಮ್ಮ ಹಿಟ್ಟಿನ ಉಂಡೆಯಂಥದ್ದೇ ಜೇಡಿಮಣ್ಣಿನ ಪ್ರಶ್ನೆಯಲ್ಲಿ ಓರಗೆಯವರಿಗಿಂತ ಮುಂದಿದ್ದರು. ದಿನವಿಡೀ ಮಣ್ಣು ಕಲಸಿದ ಕೈಗಳು. ಉತ್ತರ ಬಾಯಿಪಾಠ ಮಾಡಿಸಿದರೆ ಲೋಟ ಬದಲಾದ ಕೂಡಲೇ ಮತ್ತೆ ಹಳೇ ಉತ್ತರ. ಅದರ ಬದಲು ಸ್ನಾನದ ಹೊತ್ತಿಗೆ ನಾಲ್ಕು ಅಳತೆಯ ಚೊಂಬು, ಲೋಟ ಕೊಟ್ಟು ನೀರಲ್ಲಿ ಬಿಟ್ಟುಬಿಡಿ. ಮೂರು ತಿಂಗಳ ಮೇಲೆ ಅದೇ ಪ್ರಶ್ನೆ ಕೇಳಿ, ಹಳೇ ಪುಟದ ಪಕ್ಕ ಬರೆಯಿರಿ.

ಡಾಕ್ಟರಿಗೆ ಯಾವಾಗ ತೋರಿಸಬೇಕು?

ಪಾನಕದ ಪ್ರಶ್ನೆಗೆ ತಪ್ಪು ಹೇಳಿದ್ದಕ್ಕೆ ಯಾರೂ ಡಾಕ್ಟರ ಹತ್ತಿರ ಹೋಗಬೇಕಿಲ್ಲ. ನೋಡಬೇಕಾದ ಲಕ್ಷಣಗಳೇ ಬೇರೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸುವುದು, ಟಾಟಾ ಮಾಡುವುದು ಯಾವುದೂ ಇಲ್ಲದಿರುವುದು. ಒಂದೂವರೆ ವರ್ಷದ ಹತ್ತಿರ ಬಂದರೂ ಒಂದು ಪದವೂ ಬಾರದಿರುವುದು. ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂತೆ ಎರಡು ಪದ ಸೇರಿಸದಿರುವುದು. ಬಂದಿದ್ದ ಮಾತು, ಆಟ ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋದರೆ ಒಂದು ವಾರವೂ ಕಾಯಬೇಡಿ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಎನ್ನುವ ಹಿರಿಯರ ಸಮಾಧಾನ ಕೇಳಿಸಿಕೊಳ್ಳಿ, ಆದರೂ ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಮಗುವಿಗೆ ಬರುವ ಪದಗಳನ್ನು ಎಲ್ಲ ಭಾಷೆ ಸೇರಿಸಿ ಎಣಿಸಿ. ಭಾಷೆ ಜಾಸ್ತಿ ಇರುವುದರಿಂದ ಮಾತು ತಡವಾಗುವುದಿಲ್ಲ, ಕನ್ನಡ ಬಿಡಬೇಕಾಗಿಲ್ಲ.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. 2013ರಲ್ಲಿ ಶುರುವಾದ ಈ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೆ. ಮುಂದಿನ ಚಿಕಿತ್ಸೆ ಬೇಕಾದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು, ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಡವಳಿಕೆ, ಬೆಳವಣಿಗೆಯ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಹೋಗುವಾಗ ತಾಯಿ ಕಾರ್ಡ್, ನಿಮ್ಮ ಆ ನೋಟ್‌ಬುಕ್, ಮಗು ಮನೆಯಲ್ಲಿ ತನ್ನ ಪಾಡಿಗೆ ಆಡುತ್ತಿರುವ ಒಂದೆರಡು ನಿಮಿಷದ ವಿಡಿಯೋ ಜೊತೆಗಿರಲಿ. ಹೊಸ ಜಾಗದಲ್ಲಿ, ಹೊಸ ಮುಖದ ಮುಂದೆ ಮಗು ಬಾಯಿ ಬಿಡದೇ ಇರಬಹುದು.